ಅಂಗೈ ಮೇಲಿನ ಟ್ಯಾಂಕಿಗೆ ಯಾವ ಊರಿನ ಕೆಸರು?

1948ರ ನವೆಂಬರ್ 1, ಭಾರತ–ಪಾಕಿಸ್ತಾನ ಯುದ್ಧದ ಸಮಯ. ಶ್ರೀನಗರದಿಂದ ಲಡಾಖ್‌ಗೆ ಹೋಗುವ ದಾರಿಯಲ್ಲಿ, ಸುಮಾರು 3,500 ಮೀಟರ್ ಎತ್ತರದಲ್ಲಿರುವ ಜೋಜಿ ಲಾ ಕಣಿವೆ. ಸುತ್ತ ಹಿಮ. ಅಷ್ಟು ಎತ್ತರಕ್ಕೆ ಟ್ಯಾಂಕ್ ಹತ್ತಿ ಬರುತ್ತದೆಂದು ಎದುರು ಪಾಳೆಯದಲ್ಲಿ ಯಾರೂ ಎಣಿಸಿರಲಿಲ್ಲ. ಬಂದೇ ಬಂದವು, 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು. ಕಾರ್ಯಾಚರಣೆಯನ್ನು ನಡೆಸಿದವರು ಮಡಿಕೇರಿಯ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಕಣಿವೆಯ ಬುಡದ ಬಾಲ್ತಾಲ್‌ನಿಂದ ಮೇಲಕ್ಕೆ ಹೇಸರಗತ್ತೆಗಳು ಓಡಾಡುತ್ತಿದ್ದ ಹಾದಿಯನ್ನು ಜೀಪು ಹೋಗುವ ರಸ್ತೆಯಾಗಿ ಕಡಿದುಕೊಟ್ಟದ್ದು ಮದ್ರಾಸ್ ಸ್ಯಾಪರ್ಸ್‌ನ ಎರಡು ಕಂಪನಿಗಳು. ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲಿ ನೆಲೆ ಇರುವ ಸೇನಾ ಎಂಜಿನಿಯರ್ ಪಡೆಯದು.

ಆ ಟ್ಯಾಂಕನ್ನು ಇಂದು ಮನೆಯ ಮೇಜಿನ ಮೇಲೆ ಕಟ್ಟಬಹುದು. ತೈವಾನಿನ ಎಎಫ್‌ವಿ ಕ್ಲಬ್ ಕಂಪನಿ ಎಂ5ಎ1 ಸ್ಟುವರ್ಟ್‌ನ ಪ್ಲಾಸ್ಟಿಕ್ ಕಿಟ್ ತಯಾರಿಸಿದೆ. ಡಬ್ಬಿ ತೆರೆದರೆ ಚೌಕಟ್ಟುಗಳಿಗೆ ಅಂಟಿಕೊಂಡ ರಾಶಿ ತುಂಡುಗಳು. ಎಲ್ಲವನ್ನೂ ಕತ್ತರಿಸಿ, ಉಜ್ಜಿ, ಜೋಡಿಸಿದರೆ ಹೆಚ್ಚುಕಡಿಮೆ ಹದಿನಾಲ್ಕು ಸೆಂಟಿಮೀಟರ್ ಉದ್ದದ, ಅಂಗೈ ತುಂಬುವ ಟ್ಯಾಂಕ್ ಸಿದ್ಧ. ಹಸಿರು ಬಣ್ಣ ಹೊಡೆದು ಕಪಾಟಿನಲ್ಲಿಟ್ಟರೆ ನೋಡಿದವರು ಸ್ಟುವರ್ಟ್ ಎಂದು ಗುರುತಿಸಿಯಾರು. ಅದು ಜೋಜಿ ಲಾ ಹತ್ತಿದ ಸ್ಟುವರ್ಟ್ ಎಂದು ಗುರುತಿಸುವುದು ಹೇಗೆ? ಚಕ್ರಗಳ ಸಂದಿಯ ಕೆಸರು, ಮೂಲೆಯಲ್ಲಿ ಉಳಿದ ಹಿಮ, ಬೂಟುಗಾಲು ತುಳಿದು ಸವೆದ ಬಣ್ಣ, ಎಂಜಿನ್ನಿನ ಹಿಂದಿನ ಮಸಿ, ಇವುಗಳಿಂದ. ಮಾದರಿ ಕಟ್ಟುವವರು ಈ ಕೆಲಸವನ್ನು ವೆದರಿಂಗ್ ಎನ್ನುತ್ತಾರೆ. ಬಿಸಿಲು, ಮಳೆ, ಮಣ್ಣು, ಮನುಷ್ಯರ ಕೈಕಾಲು ಸೇರಿ ಒಂದು ಯಂತ್ರದ ಮೈಮೇಲೆ ಬಿಡುವ ಗುರುತುಗಳನ್ನು ಕುಂಚದ ತುದಿಯಲ್ಲಿ ಮರಳಿ ಮೂಡಿಸುವ ಕಲೆ ಇದು.

ಮೂವತ್ತೈದರ ಲೆಕ್ಕ

ಸೇನಾ ವಾಹನಗಳ ಮಾದರಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ 1/35. ಅಂದರೆ ಅಸಲಿ ವಾಹನದ ಮೂವತ್ತೈದು ಸೆಂಟಿಮೀಟರ್ ಇಲ್ಲಿ ಒಂದೇ ಸೆಂಟಿಮೀಟರ್. ಇಪ್ಪತ್ತೈದಲ್ಲ, ಐವತ್ತಲ್ಲ, ಮೂವತ್ತೈದೇ ಏಕೆ? ಉತ್ತರಕ್ಕೆ ಜಪಾನಿನ ಶಿಜುವೊಕಾ ನಗರಕ್ಕೆ ಹೋಗಬೇಕು.

ತಮಿಯಾ ಕಂಪನಿ 1946ರಲ್ಲಿ ಅಲ್ಲಿ ಮರದ ವ್ಯಾಪಾರವಾಗಿ ಶುರುವಾಯಿತು. ಜೊತೆಗೆ ಮರದ ಆಟಿಕೆ ಮಾದರಿಗಳನ್ನೂ ಮಾಡತೊಡಗಿತು. 1951ರಲ್ಲಿ ಬೆಂಕಿ ಬಿದ್ದು ಮರದ ದಾಸ್ತಾನು ಸುಟ್ಟುಹೋದ ಮೇಲೆ, ಕೆಲವೇ ವರ್ಷಗಳಲ್ಲಿ ಮರದ ವ್ಯಾಪಾರವನ್ನು ಕೈಬಿಟ್ಟು ಮಾದರಿಗಳನ್ನೇ ನೆಚ್ಚಿಕೊಂಡಿತು. 1960ರಲ್ಲಿ ಪ್ಲಾಸ್ಟಿಕ್‌ನಲ್ಲಿ ಮಾಡಿದ ಮೊದಲ ಮಾದರಿ, ಯಮಾಟೊ ಯುದ್ಧನೌಕೆ, ಕೈಹಿಡಿಯಲಿಲ್ಲ. ಸ್ಥಾಪಕರ ಮಗ ಶುನ್‌ಸಾಕು ತಮಿಯಾ ಮುಂದಿನ ಪ್ರಯತ್ನಕ್ಕೆ ಆರಿಸಿಕೊಂಡದ್ದು ಜರ್ಮನಿಯ ಪ್ಯಾಂಥರ್ ಟ್ಯಾಂಕ್. ಮಕ್ಕಳು ಆಡುವಂತೆ ಅದು ನೆಲದ ಮೇಲೆ ಓಡಬೇಕಿತ್ತು; ಒಳಗೆ ಮೋಟಾರು, ಎರಡು ಬ್ಯಾಟರಿಗಳು ಹಿಡಿಸಬೇಕಿತ್ತು. ಬ್ಯಾಟರಿ ಕೂರುವಷ್ಟು ಅಗಲ ಮಾಡಿದರು. ಟ್ಯಾಂಕ್ ಭರ್ಜರಿಯಾಗಿ ಮಾರಾಟವಾಯಿತು. ಅದೇ ಅಳತೆಯಲ್ಲಿ ಇನ್ನಷ್ಟು ಟ್ಯಾಂಕ್ ಮಾಡೋಣವೆಂದು ಆಮೇಲೆ ಅಳೆದು ನೋಡಿದಾಗ ಅದು ಅಸಲಿಯ ಸುಮಾರು ಮೂವತ್ತೈದನೇ ಒಂದು ಪಾಲು ಬಂತು. ಬ್ಯಾಟರಿ ನಿರ್ಧರಿಸಿದ ಆ ಅಳತೆಯೇ ಜಗತ್ತಿನ ಅಳತೆಯಾಯಿತು.

1968ರಲ್ಲಿ ತಮಿಯಾ ಸೈನಿಕರು ಮತ್ತು ವಾಹನಗಳ ಮಿಲಿಟರಿ ಮಿನಿಯೇಚರ್ಸ್ ಸರಣಿಯನ್ನು ಆರಂಭಿಸಿತು. ಆ ಹೊತ್ತಿಗೆ ಮಕ್ಕಳ ಆಟಿಕೆ ದೊಡ್ಡವರ ಕೈಗೂ ಬಂದಿತ್ತು. ಅಸಲಿ ಟ್ಯಾಂಕುಗಳ ಅಳತೆ ತೆಗೆಯಲು, ಮೂಲೆಮೂಲೆಯ ಫೋಟೊ ಹಿಡಿಯಲು ಶುನ್‌ಸಾಕು ಅಮೆರಿಕದ ಮೇರಿಲ್ಯಾಂಡಿನ ಅಬರ್ಡೀನ್‌ಗೆ ಹೋದರು. 2025ರಲ್ಲಿ, 90ನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಕಂಪನಿಯ ಕೆಂಪು–ನೀಲಿ ಜೋಡಿ ನಕ್ಷತ್ರದ ಗುರುತು ಹವ್ಯಾಸಿಗಳ ಲೋಕದಲ್ಲಿ ಮನೆಮಾತಾಗಿತ್ತು. ಇಂದು ಈ ಪೇಟೆಯಲ್ಲಿ ಹಲವು ದೇಶಗಳ ಕಂಪನಿಗಳಿವೆ. ಉಕ್ರೇನಿನ ಕೀವ್‌ನಲ್ಲಿರುವ ಮಿನಿಆರ್ಟ್, ಒಳಗಿನ ಎಂಜಿನ್, ಆಸನ, ಗುಂಡುಗಳ ಗೂಡುಗಳನ್ನೂ ಬಿಡದೆ ಮಾಡುವ ಟ್ಯಾಂಕ್ ಕಿಟ್‌ಗಳಿಗೆ ಹೆಸರಾಗಿದೆ.

ಮೂವತ್ತೈದರ ಮಗ್ಗಿ ಮಾದರಿಗಾರನ ಬೆನ್ನು ಬಿಡುವುದಿಲ್ಲ. ಐದೂಮುಕ್ಕಾಲು ಅಡಿಯ ಸೈನಿಕ ಇಲ್ಲಿ ಐದು ಸೆಂಟಿಮೀಟರ್. ಸ್ಟುವರ್ಟ್‌ನ 37 ಮಿಲಿಮೀಟರ್ ತೋಪಿನ ಬಾಯಿ ಒಂದು ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು. ಕುಂಚ ಜಾರಿ ಒಂದು ಮಿಲಿಮೀಟರ್ ಅಗಲದ ಚುಕ್ಕೆ ಬಿದ್ದರೆ, ಅಸಲಿ ಟ್ಯಾಂಕಿನಲ್ಲಿ ಅದು ಮೂರೂವರೆ ಸೆಂಟಿಮೀಟರಿನ ಚಕ್ಕೆ. ಅರ್ಧ ಸೆಂಟಿಮೀಟರ್ ಕೆಸರಿನ ಉಂಡೆ ಮೆತ್ತಿದರೆ ಒಂದು ಗೇಣಿನಷ್ಟು ಹೆಂಟೆ. ಹೊಸಬರು ಎಡವುವುದು ಬಹುಪಾಲು ಇಲ್ಲೇ. ಅಂಗಳದ ಮಣ್ಣನ್ನು ಹಾಗೆಯೇ ತಂದು ಅಂಟಿಸಿದರೆ ಅದರ ಒಂದೊಂದು ಹರಳೂ ಪುಟ್ಟ ಟ್ಯಾಂಕಿನ ಮೇಲೆ ಜಲ್ಲಿಕಲ್ಲಾಗಿ ಕಾಣುತ್ತದೆ. ಮಣ್ಣನ್ನು ಒಣಗಿಸಿ, ಕುಟ್ಟಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದರಷ್ಟೇ ಅದು ಮಣ್ಣಾಗಿ ಉಳಿಯುತ್ತದೆ.

ಮೊದಲು ಚೊಕ್ಕಟ, ಆಮೇಲೆ ಕೊಳೆ

ಕೊಳೆ ಮೆತ್ತುವ ಮೊದಲು ಕೆಲಸ ಚೊಕ್ಕಟವಾಗಿರಬೇಕು. ತುಂಡುಗಳನ್ನು ಚೌಕಟ್ಟಿನಿಂದ ಸಣ್ಣ ಇಕ್ಕಳದಲ್ಲಿ ಕತ್ತರಿಸಿ, ಅಚ್ಚಿನ ಎರಡು ಭಾಗ ಕೂಡಿದಲ್ಲಿ ಉಳಿಯುವ ಏಣನ್ನು ಉಪ್ಪುಕಾಗದದಿಂದ ಉಜ್ಜಬೇಕು. ಕಿಟ್‌ಗಳ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಅದಕ್ಕೆ ಬಳಸುವ ಅಂಟು ಎರಡೂ ಅಂಚುಗಳನ್ನು ಕೊಂಚ ಕರಗಿಸುತ್ತದೆ. ಕರಗಿದ ಅಂಚುಗಳು ಒಂದರೊಳಗೊಂದು ಬೆರೆತು ಗಟ್ಟಿಯಾದರೆ ಬೆಸುಗೆ ಬಿದ್ದಂತೆ. ಚೌಕಟ್ಟಿನ ಉಳಿಕೆ ಕಡ್ಡಿಯೂ ದಂಡವಲ್ಲ. ಮೇಣದಬತ್ತಿಯ ಉರಿಯ ಮೇಲೆ ಹಿಡಿದು, ಮೆತ್ತಗಾದೊಡನೆ ಎರಡೂ ಕೈಯಿಂದ ಎಳೆದರೆ ನೂಲಿನಂತಹ ಎಳೆ ಬರುತ್ತದೆ. ಅದೇ ರೇಡಿಯೊ ಏರಿಯಲ್. ಟಿಶ್ಯೂ ಕಾಗದವನ್ನು ಅಂಟುನೀರಿನಲ್ಲಿ ಅದ್ದಿ ಮಡಿಸಿದರೆ ಟ್ಯಾಂಕಿನ ಬೆನ್ನ ಮೇಲಿನ ಟಾರ್ಪಾಲು, ಸುತ್ತಿಟ್ಟ ಹಾಸಿಗೆ.

ಜೋಡಣೆಯ ಮೇಲೆ ಪ್ರೈಮರ್, ಅದರ ಮೇಲೆ ಮೂಲ ಬಣ್ಣ. ಹೆಚ್ಚಿನವರು ಏರ್‌ಬ್ರಷ್ ಬಳಸುತ್ತಾರೆ. ಬಣ್ಣವನ್ನು ಹಾಲಿನಷ್ಟು ತೆಳ್ಳಗೆ ಮಾಡಿ ಗಾಳಿಯ ಒತ್ತಡದಲ್ಲಿ ಮಂಜಿನಂತೆ ಸಿಂಪಡಿಸುವ ಪುಟ್ಟ ಉಪಕರಣ. ಥಿನ್ನರಿನ ಆವಿ ಮತ್ತು ಬಣ್ಣದ ಮಂಜು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕಿಟಕಿ ತೆರೆದಿರಲಿ, ಮುಖಕ್ಕೆ ಸರಿಯಾದ ಮಾಸ್ಕ್ ಇರಲಿ.

ಯಾವ ಬಣ್ಣ ಎಂಬುದು ಸಂಶೋಧನೆಯ ಮಾತು. ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕುಗಳ ಮೂಲ ಬಣ್ಣ ಮೊದಲು ಗಾಢ ಬೂದು. 1943ರ ಫೆಬ್ರವರಿಯಲ್ಲಿ ಅದನ್ನು ಕಡು ಹಳದಿಗೆ ಬದಲಾಯಿಸಿದರು. ಹಸಿರು ಮತ್ತು ಕೆಂಗಂದು ಬಣ್ಣಗಳು ಗಟ್ಟಿ ಪೇಸ್ಟಿನ ರೂಪದಲ್ಲಿ ಡಬ್ಬಿಗಳಲ್ಲಿ ರಣರಂಗಕ್ಕೆ ಹೋಗುತ್ತಿದ್ದವು. ಸೈನಿಕರು ಅದನ್ನು ನೀರಿಗೋ ಪೆಟ್ರೋಲಿಗೋ ಕದಡಿ ತಮಗೆ ತಿಳಿದಂತೆ ಬಳಿಯುತ್ತಿದ್ದರು. ಹಾಗಾಗಿ ಒಂದೇ ತುಕಡಿಯ ಎರಡು ಟ್ಯಾಂಕುಗಳ ಪಟ್ಟೆಗಳೂ ಒಂದೇ ತೆರನಾಗಿ ಇರುತ್ತಿರಲಿಲ್ಲ. ಇಂಥದ್ದನ್ನು ತಿಳಿದುಕೊಳ್ಳಲು ಹವ್ಯಾಸಿಗಳು ಹಳೆಯ ಫೋಟೊಗಳನ್ನು ಭೂತಗನ್ನಡಿಯಲ್ಲಿ ನೋಡುತ್ತಾರೆ. ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಮ್ಮಿಗೆ ಹೋಗಿ, 1943ರ ಏಪ್ರಿಲ್‌ನಲ್ಲಿ ಟುನೀಸಿಯಾದಲ್ಲಿ ಸೆರೆಸಿಕ್ಕಿ ಇಂದಿಗೂ ಓಡುವ ಸ್ಥಿತಿಯಲ್ಲಿರುವ ಟೈಗರ್ 131ರ ಸುತ್ತ ಸುತ್ತುತ್ತಾರೆ. ನಮ್ಮಲ್ಲಾದರೆ ಮಹಾರಾಷ್ಟ್ರದ ಅಹ್ಮದ್‌ನಗರದಲ್ಲಿ, ಈಗಿನ ಅಹಿಲ್ಯಾನಗರದಲ್ಲಿ, 1994ರಲ್ಲಿ ತೆರೆದ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ಇದೆ.

ಜೆಸಿಬಿಯ ಪಾಠ

ವೆದರಿಂಗ್ ಕಲಿಯಲು ಮ್ಯೂಸಿಯಂಗಿಂತ ಒಳ್ಳೆಯ ಶಾಲೆ ರಸ್ತೆಬದಿಯಲ್ಲಿದೆ. ಮ್ಯೂಸಿಯಂನ ಟ್ಯಾಂಕಿಗೆ ಹೊಸ ಬಣ್ಣ ಬಳಿದಿರುತ್ತಾರೆ. ಕೆಲಸದ ಮೇಲಿರುವ ಜೆಸಿಬಿ ಏನನ್ನೂ ಮುಚ್ಚಿಡುವುದಿಲ್ಲ. ಅದರ ಬಕೆಟ್ಟಿನ ಹಲ್ಲು ಮಣ್ಣು ಬಗೆದೂ ಬಗೆದೂ ಬೆಳ್ಳಿಯಂತೆ ಹೊಳೆಯುತ್ತದೆ, ಬಕೆಟ್ಟಿನ ಬೆನ್ನು ತುಕ್ಕು ಹಿಡಿದಿರುತ್ತದೆ. ಚಾಲಕ ಕಾಲಿಟ್ಟು ಹತ್ತುವ ಮೆಟ್ಟಿಲಲ್ಲಿ ಬಣ್ಣವೇ ಇಲ್ಲ. ಅದರ ಪಕ್ಕದ, ಯಾರೂ ಮುಟ್ಟದ ಜಾಗದಲ್ಲಿ ಬಣ್ಣ ಹೊಚ್ಚ ಹೊಸದು. ಡೀಸೆಲ್ ತುಂಬುವ ಮುಚ್ಚಳದ ಕೆಳಗೆ ಜಿಡ್ಡಿನ ಗೆರೆ ಇಳಿದಿದೆ, ಆ ಜಿಡ್ಡಿಗೆ ಧೂಳು ಕಚ್ಚಿಕೊಂಡಿದೆ. ಹೊಗೆ ಕೊಳವೆ ಬಿಸಿಯಾಗಿ ತಣ್ಣಗಾಗಿ ಬಣ್ಣವನ್ನೆಲ್ಲ ಕಳೆದುಕೊಂಡು ಕಡುಗಂದು ತುಕ್ಕಾಗಿದೆ. ಮಳೆನೀರು ಮೇಲಿನ ಧೂಳನ್ನು ಎಳೆದುಕೊಂಡು ಇಳಿದ ಗೆರೆಗಳು ಗೋಡೆಯಂತಹ ಪಕ್ಕಗಳಲ್ಲಿ ಮಾತ್ರ ಇವೆ, ಮೇಲ್ಭಾಗದಲ್ಲಿ ಇಲ್ಲ.

ಇದೇ ವೆದರಿಂಗ್‌ನ ಒಟ್ಟು ಸೂತ್ರ. ಪ್ರತಿ ಕಲೆಗೂ ಒಂದು ಕಾರಣವಿರಬೇಕು. ಯಾರ ಕಾಲು, ಯಾವ ನೀರು, ಎಲ್ಲಿಂದ ಹಾರಿದ ಮಣ್ಣು ಎಂದು ಕೇಳಿದರೆ ಮಾದರಿಗಾರನಲ್ಲಿ ಉತ್ತರವಿರಬೇಕು.

ಆ ಉತ್ತರವನ್ನು ಬಣ್ಣದಲ್ಲಿ ಬರೆಯುವ ವಿಧಾನಗಳು ಐವತ್ತು ವರ್ಷಗಳಲ್ಲಿ ಬೆಳೆದುಬಂದವು. 1970ರ ದಶಕದಲ್ಲಿ ಅಮೆರಿಕದ ಶೆಪರ್ಡ್ ಪೇನ್, ಮೊನೊಗ್ರಾಮ್ ಕಂಪನಿಯ ಕಿಟ್‌ಗಳ ಜೊತೆಗೆ ಬರುತ್ತಿದ್ದ ಚಿತ್ರಪತ್ರಗಳಲ್ಲಿ ಡಯೊರಾಮ ಮಾಡುವುದನ್ನು ತೋರಿಸಿದರು. ಡಯೊರಾಮ ಅಂದರೆ ವಾಹನ, ನೆಲ, ಮರ, ಮನುಷ್ಯರು ಸೇರಿದ ಒಂದು ಪೂರ್ಣ ದೃಶ್ಯ. ದಸರಾ ಗೊಂಬೆಗಳ ಮುಂದೆ ರಾಗಿ ಪೈರು ಬೆಳೆಸಿ, ಮರಳು ಹರಡಿ ಹಳ್ಳಿಯನ್ನೋ ಉದ್ಯಾನವನ್ನೋ ಕಟ್ಟುವ ನಮ್ಮವರಿಗೆ ಈ ಕಲ್ಪನೆ ಹೊಸದೇನಲ್ಲ. ಬೆಲ್ಜಿಯಮ್ಮಿನ ಫ್ರಾನ್ಸ್ವಾ ವರ್ಲಿಂಡೆನ್ ವಾಷ್ ಮತ್ತು ಡ್ರೈಬ್ರಷ್ ವಿಧಾನಗಳನ್ನು ಜನಪ್ರಿಯಗೊಳಿಸಿದರು. ಆಮೇಲೆ ಸ್ಪೇನಿನ ಮಿಗ್ ಹಿಮೆನೆಸ್ ಮತ್ತವರ ಓರಗೆಯವರು ಪುಡಿಬಣ್ಣಗಳನ್ನೂ ವೆದರಿಂಗ್‌ಗೆಂದೇ ತಯಾರಾದ ದ್ರವಗಳನ್ನೂ ಪೇಟೆಗೆ ತಂದರು.

ವಾಷ್ ಎಂದರೆ ತುಂಬ ತೆಳ್ಳಗೆ ಮಾಡಿದ ಕಡುಬಣ್ಣ. ಬೋಲ್ಟಿನ ಬುಡಕ್ಕೆ, ಎರಡು ತಗಡು ಸೇರುವ ಸಂದಿಗೆ ಕುಂಚ ತಾಕಿಸಿದರೆ ಸಾಕು, ಬಣ್ಣ ತಾನೇ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ನೆರಳೂ ಕೊಳೆಯೂ ಒಟ್ಟಿಗೇ ಮೂಡುತ್ತವೆ. ಡ್ರೈಬ್ರಷ್ ಇದರ ತಿರುವುಮುರುವು. ಕುಂಚಕ್ಕೆ ತಿಳಿಬಣ್ಣ ಹಚ್ಚಿ, ಬಟ್ಟೆಗೆ ಒರೆಸಿ ಒರೆಸಿ ಒಣಗಿಸಿ, ಆಮೇಲೆ ಏಣುಗಳ ಮೇಲೆ ಆಡಿಸುವುದು. ಎದ್ದುನಿಂತ ಭಾಗಗಳಷ್ಟೇ ಬಣ್ಣ ಹಿಡಿಯುತ್ತವೆ.

ಚಕ್ಕೆ ಎದ್ದ ಬಣ್ಣಕ್ಕೆ ಒಂದು ಜಾಣ ಉಪಾಯವಿದೆ, ಕೂದಲಿಗೆ ಹೊಡೆಯುವ ಹೇರ್‌ಸ್ಪ್ರೇ. ಮೊದಲು ತುಕ್ಕಿನ ಬಣ್ಣ ಬಳಿದು ವಾರ್ನಿಷ್ ಹಾಕುತ್ತಾರೆ. ಅದರ ಮೇಲೆ ಹೇರ್‌ಸ್ಪ್ರೇ. ಅದು ಒಣಗಿದ ಮೇಲೆ ಟ್ಯಾಂಕಿನ ಅಕ್ರಿಲಿಕ್ ಬಣ್ಣ. ಸ್ವಲ್ಪ ಹೊತ್ತಿನ ನಂತರ ನೀರು ಸವರಿ ಬಿರುಸು ಕುಂಚದಿಂದ ಉಜ್ಜಿದರೆ, ನಡುವಿನ ಹೇರ್‌ಸ್ಪ್ರೇ ನೀರಿಗೆ ಕರಗಿ, ಮೇಲಿನ ಬಣ್ಣ ಅಲ್ಲಲ್ಲಿ ಚಕ್ಕೆಯಾಗಿ ಎದ್ದು, ಕೆಳಗಿನ ತುಕ್ಕು ಇಣುಕುತ್ತದೆ. ಅಸಲಿ ವಾಹನದಲ್ಲಿ ಆಗುವುದೂ ಪದರ ಪದರವಾಗಿಯೇ: ಮೇಲೆ ಬಣ್ಣ, ಕೆಳಗೆ ಪ್ರೈಮರ್, ಅದರಡಿ ಲೋಹ. ತೀರಾ ಸಣ್ಣ ಗೀರುಗಳಿಗೆ ಸ್ಪಂಜಿನ ಹರಕು ತುಂಡು ಸಾಕು. ಸವೆದು ಹೊಳೆಯುವ ಲೋಹಕ್ಕೆ ಪೆನ್ಸಿಲಿನ ಸೀಸದ ಪುಡಿಯನ್ನು ಬೆರಳಿನಿಂದ ತಿಕ್ಕಿದರೆ ಆಯಿತು.

ಕೊನೆಯ ಪದರ ಧೂಳು ಮತ್ತು ಕೆಸರು. ನುಣ್ಣನೆಯ ಪುಡಿಬಣ್ಣವನ್ನು ಒಣದಾಗಿ ಉದುರಿಸಿ, ಟರ್ಪೆಂಟೈನಿನಂತಹ ದ್ರವದ ಹನಿ ಬಿಟ್ಟರೆ ಅದು ಅಲ್ಲೇ ಕೂರುತ್ತದೆ. ಒಣಗಿದ ಕೆಸರು ತಿಳಿಯಾಗಿ, ಮಂಕಾಗಿರುತ್ತದೆ; ಹಸಿ ಕೆಸರು ಗಾಢವಾಗಿ ಮಿನುಗುತ್ತದೆ. ಒಂದೇ ಚಕ್ರದ ಮೇಲೆ ಎರಡೂ ಇದ್ದರೆ, ನೋಡುವವರಿಗೆ ಟ್ಯಾಂಕ್ ನಿನ್ನೆಯೂ ಓಡಿದೆ, ಇವತ್ತೂ ಓಡಿದೆ ಎಂದು ಗೊತ್ತಾಗುತ್ತದೆ.

ಯಾವ ನೆಲ, ಯಾವ ಗಳಿಗೆ

ನೆಲ ಬದಲಾದರೆ ಕೊಳೆಯೂ ಬದಲು. ಭಾರತದ ಯುದ್ಧಗಳಿಂದಲೇ ಎರಡು ಉದಾಹರಣೆ ಕೊಡಬಹುದು. 1965ರ ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಅಸಲ್ ಉತ್ತರ್‌ನಲ್ಲಿ ಕಬ್ಬಿನ ಗದ್ದೆಗಳಿಗೆ ನೀರು ನುಗ್ಗಿಸಲಾಗಿತ್ತು. ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಆ ಕೆಸರಿನಲ್ಲಿ ಹೂತವು. ಅಲ್ಲಿನ ಪ್ಯಾಟನ್ ಕಟ್ಟುವವರು ಕೆಸರನ್ನು ಚಕ್ರಗಳಾಚೆಗೂ ಏರಿಸಬೇಕು, ಚೈನಿನ ಹಲ್ಲುಗಳ ನಡುವೆ ಕಬ್ಬಿನ ಗರಿ ಸಿಕ್ಕಿಸಬೇಕು. 1971ರ ಡಿಸೆಂಬರ್‌ನಲ್ಲಿ ರಾಜಸ್ಥಾನದ ಲೋಂಗೇವಾಲಾದಲ್ಲಿ ಒಣ ಮರಳು. ಅಲ್ಲಿ ಸಿಕ್ಕಿಬಿದ್ದ ಟಿ-59 ಟ್ಯಾಂಕಿನ ಮೇಲೆ ಹಸಿ ಕೆಸರಿಗೆ ಜಾಗವೇ ಇಲ್ಲ. ತಿಳಿ ಧೂಳು ಪ್ರತಿ ಸಂದಿಯಲ್ಲಿ ತುಂಬಿ ಹಸಿರು ಬಣ್ಣವೇ ಮಸುಕಾಗಬೇಕು.

ನೆಲದಷ್ಟೇ ಕಷ್ಟದ ಪ್ರಶ್ನೆ ಗಳಿಗೆಯದು. 1971ರ ಡಿಸೆಂಬರ್ 16ರಂದು ಬಸಂತರ್ ಕದನದಲ್ಲಿ ಪೂನಾ ಹಾರ್ಸ್‌ನ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್ ಇದ್ದ ಸೆಂಚುರಿಯನ್ ಟ್ಯಾಂಕಿನ ಹೆಸರು ಫಾಮಗುಸ್ತಾ. ಟ್ಯಾಂಕಿಗೆ ಬೆಂಕಿ ಹತ್ತಿದರೂ, ತೋಪು ಇನ್ನೂ ಹಾರಿಸಬಲ್ಲದೆಂದು ಅವರು ಇಳಿಯಲಿಲ್ಲ. ಇಪ್ಪತ್ತೊಂದರ ಹುಡುಗ ಅಲ್ಲೇ ಪ್ರಾಣಬಿಟ್ಟು ಪರಮವೀರ ಚಕ್ರ ಪಡೆದರು. ಆ ಟ್ಯಾಂಕ್ ಇಂದು ಅಹ್ಮದ್‌ನಗರದಲ್ಲಿದೆ. ಸೆಂಚುರಿಯನ್ ಕಿಟ್‌ಗಳು ತಮಿಯಾದಲ್ಲೂ ಎಎಫ್‌ವಿ ಕ್ಲಬ್‌ನಲ್ಲೂ ಸಿಗುತ್ತವೆ. ಹೆಸರು, ನಂಬರು ಬರೆದು ಫಾಮಗುಸ್ತಾ ಮಾಡಬಹುದು. ಆದರೆ ಯಾವ ಹೊತ್ತಿನ ಫಾಮಗುಸ್ತಾ? ಬೆಳಗ್ಗೆ ಹೊರಟಾಗಿನದಾದರೆ ಧೂಳು ಮತ್ತು ಜಿಡ್ಡು ಸಾಕು. ಬೆಂಕಿ ಹತ್ತಿದ ಮೇಲಿನದಾದರೆ ಬಣ್ಣ ಸುಟ್ಟ ಜಾಗದಲ್ಲಿ ಬೂದಿ, ಮಸಿ ಬರಬೇಕು. ಬೆಳಗಿನದಕ್ಕೂ ಮಸಿ ಬಳಿದರೆ ಆ ಹುಡುಗನ ಕೊನೆಯ ದಿನವನ್ನೇ ತಪ್ಪಾಗಿ ಹೇಳಿದಂತೆ.

ಹೀಗಾಗಿ ಹವ್ಯಾಸಿಗಳ ನಡುವೆ ಬಹಳ ದಿನದಿಂದ ಒಂದು ಚರ್ಚೆ ನಡೆದಿದೆ. ಪ್ರತಿ ತಗಡಿಗೂ ಬೇರೆ ಬೇರೆ ನೆರಳು–ಬೆಳಕು ಕೊಟ್ಟು, ಚಕ್ಕೆ, ತುಕ್ಕುಗಳನ್ನು ಎದ್ದುಕಾಣಿಸುವ ಸ್ಪೇನಿನ ಶೈಲಿ ಕಣ್ಣಿಗೆ ಹಬ್ಬ. ಅದನ್ನು ಒಪ್ಪದವರು ಕೇಳುವ ಪ್ರಶ್ನೆಯೂ ಸರಿಯಾದದ್ದೇ. ಎರಡನೇ ಮಹಾಯುದ್ಧದ ಎಷ್ಟೋ ಟ್ಯಾಂಕುಗಳು ಕಾರ್ಖಾನೆಯಿಂದ ಹೊರಟ ಕೆಲವೇ ತಿಂಗಳಲ್ಲಿ ನಾಶವಾದವು. ಅಷ್ಟು ಬೇಗ ಅಷ್ಟೊಂದು ತುಕ್ಕು ಎಲ್ಲಿಂದ ಬಂತು? ಚಿತ್ರಕಾರನಿಗೆ ಸಲಿಗೆ ಇರಲಿ. ಆದರೆ ಒಂದು ನಿರ್ದಿಷ್ಟ ಟ್ಯಾಂಕಿನ ಹೆಸರು ಬರೆದ ಮೇಲೆ ಫೋಟೊ ಮತ್ತು ದಾಖಲೆಗಳ ಮಾತು ಮೊದಲು, ಕುಂಚದ ಚಮತ್ಕಾರ ಆಮೇಲೆ.

ಮತ್ತೆ ಜೋಜಿ ಲಾ

ಇಷ್ಟೆಲ್ಲ ತಿಳಿದುಕೊಂಡು ಸ್ಟುವರ್ಟ್‌ಗೆ ಮರಳಬಹುದು. ಮೊದಲ ಎಚ್ಚರ ಚೈನಿನದು. ಎಂ5ಎ1 ಟ್ಯಾಂಕುಗಳಿಗೆ ರಬ್ಬರ್ ಹಲಗೆಗಳ ಚೈನು ಹಾಕುವುದೂ ಇತ್ತು. ಕಿಟ್‌ನಲ್ಲಿ ಬಂದದ್ದು ಅಂಥದ್ದಾದರೆ ಇಡೀ ಚೈನಿಗೆ ತುಕ್ಕಿನ ಬಣ್ಣ ಬಳಿಯುವಂತಿಲ್ಲ, ರಬ್ಬರಿಗೆ ತುಕ್ಕು ಹಿಡಿಯುವುದಿಲ್ಲ. ಹಲಗೆಗಳು ಮಾಸಿದ ಕರಿಬೂದು ಬಣ್ಣದಲ್ಲಿರಲಿ. ಅವನ್ನು ಹಿಡಿದಿಟ್ಟ ಉಕ್ಕಿನ ಕೊಂಡಿಗಳಷ್ಟೇ ಉಜ್ಜಿ ಹೊಳೆಯಲಿ. ಎರಡನೆಯದು ಕೆಸರು. ಸ್ಯಾಪರ್ಸ್ ಆಗತಾನೇ ಕಡಿದ ದಾರಿ ಅದು. ಕಲ್ಲುಪುಡಿ, ಹಸಿಮಣ್ಣು, ಕರಗುವ ಹಿಮ ಕಲಸಿದ ನೆಲ. ಕೆಸರು ಬೂದುಬಣ್ಣದ್ದಾಗಿ, ಸಣ್ಣ ಕಲ್ಲಿನ ಚೂರುಗಳಿಂದ ತರಿತರಿಯಾಗಿರಬೇಕು. ಮೂರನೆಯದು ಹಿಮ. ಅಡುಗೆ ಸೋಡಾ ಉದುರಿಸಿ ಅಂಟಿಸುವ ಹಳೆಯ ಪದ್ಧತಿಯಲ್ಲಿ ವರ್ಷ ಕಳೆದಂತೆ ಬಿಳುಪು ಹಳದಿಗೆ ತಿರುಗಬಹುದು. ಗಾಜಿನ ಸೂಕ್ಷ್ಮ ಗುಳಿಗೆಗಳ ಪುಡಿಯೋ ಅಕ್ರಿಲಿಕ್ ಹಿಮದ ಪೇಸ್ಟೋ ಮೇಲು. ಎರಡು ಕ್ಯಾಡಿಲ್ಯಾಕ್ ಎಂಜಿನ್‌ಗಳು ಓಡುತ್ತಿರುವ ಬೆನ್ನಭಾಗದ ಬಿಸಿಗೆ ಹಿಮ ನಿಲ್ಲುವುದಿಲ್ಲ. ಅಲ್ಲಿ ಒದ್ದೆ ಲೋಹದ ಮಿನುಗು ಸಾಕು.

ಕೊನೆಯ ಕೆಲಸಕ್ಕೆ ಚರಿತ್ರೆಯ ಒಂದು ಸಾಲು ನೆನಪಿರಬೇಕು. ಈ ಟ್ಯಾಂಕುಗಳು ಶ್ರೀನಗರ ದಾಟಿದ್ದು ಗುಟ್ಟಾಗಿ. ತೋಪು ಕೂರುವ ತಿರುಗುಗೋಪುರಗಳನ್ನು, ಅಂದರೆ ಟರೆಟ್‌ಗಳನ್ನು, ಕಳಚಿ ಬೇರೆಯಾಗಿ ಸಾಗಿಸಿದರು, ಬಲವಿಲ್ಲದ ಸೇತುವೆಗಳ ಮೇಲೆ ಟ್ಯಾಂಕುಗಳನ್ನು ಎಳೆದು ದಾಟಿಸಿದರು, ಮುಂದೆ ಹೋಗಿ ಎಲ್ಲವನ್ನೂ ಮತ್ತೆ ಜೋಡಿಸಿದರು. ಎತ್ತಿ ಇಳಿಸಿದ ಭಾರಿ ಉಕ್ಕಿನ ಮೈಗೆ ಸರಪಳಿ ಉಜ್ಜಿರುತ್ತದೆ. ಕೂರಿಸುವಾಗ ಅಂಚು ತಾಕಿ ಬಣ್ಣ ಕಿತ್ತಿರುತ್ತದೆ. ಆ ಗೀರುಗಳಿಗೆ ಗಾಢ ತುಕ್ಕು ಹಿಡಿಯಲು ಕಾಲ ಸಾಲದು; ಹೊಸ ಲೋಹದ ಹೊಳಪು, ಅಂಚಿನಲ್ಲಿ ಒಂದಿಷ್ಟು ಕಿತ್ತಳೆಗೆಂಪು, ಅಷ್ಟೇ. ಮಾದರಿಗಾರ ಬೆಳಕಿನ ಕೆಳಗೆ ಬಾಗಿ, ತೀರಾ ಸಣ್ಣ ಕುಂಚದಿಂದ ಟರೆಟ್ಟಿನ ಬುಡದಲ್ಲಿ ಕಾಲು ಮಿಲಿಮೀಟರ್ ಅಗಲದ ನಾಲ್ಕೈದು ಗೀರು ಎಳೆಯುತ್ತಾನೆ. ಮೂವತ್ತೈದರಿಂದ ಗುಣಿಸಿದರೆ ಒಂದು ಸೆಂಟಿಮೀಟರಿಗೂ ಕಡಿಮೆ. ಅಸಲಿ ಸರಪಳಿಯೊಂದು ಉಜ್ಜಿದರೆ ಹೆಚ್ಚುಕಡಿಮೆ ಅಷ್ಟೇ ಅಗಲದ ಗುರುತು ಉಳಿದೀತು.